ತೋರಿಸದ ಕೋಟೆಗೆ ಹಣ ಪಡೆದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಪ್ರವಾಸ ಸಂಸ್ಥೆ, ಬೆಂಗಳೂರು

ಮಾನ್ಯರೇ,

ಮೂರು ವಾರಗಳಲ್ಲಿ ಆರು ಸಲ ಫೋನ್ ಮಾಡಿದ್ದೇನೆ. ಐದು ಸಲ ‘ನೋಡಿ ಹೇಳುತ್ತೇವೆ ಸಾರ್’ ಎಂದಿರಿ. ಆರನೆಯ ಸಲ ನಿಮ್ಮ ಸಿಬ್ಬಂದಿ, ‘ಅವಶೇಷ ಎಂದರೆ ಏನೂ ಉಳಿದಿಲ್ಲ ಎಂದೇ ಅಲ್ಲವೇ?’ ಎಂದರು. ಆ ಕನ್ನಡ ಕೇಳಿದ ಮೇಲೆ ಬರೆಯದೆ ಇರಲಾಗಲಿಲ್ಲ.

ನಿಮ್ಮ ಪುದುಚೇರಿ ಪ್ರವಾಸದ ಕರಪತ್ರದಲ್ಲಿ ಎರಡನೆಯ ದಿನಕ್ಕೆ ‘ಕಡಲತೀರದ ಫ್ರೆಂಚ್ ಕೋಟೆಯ ಅವಶೇಷ, ಬುರುಜು, ಕಂದಕ: 2 ಗಂಟೆ’ ಎಂದಿದೆ. ಫ್ರೆಂಚರ ಆ ಐದು ಮೂಲೆಯ ಫೋರ್ಟ್ ಲೂಯಿಯನ್ನು 1761ರಲ್ಲಿ ಊರು ಕೈವಶವಾದ ಮೇಲೆ ಇಂಗ್ಲಿಷರು ಕೆಡವಿಹಾಕಿದರು. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಇದನ್ನೇ ಪಾಠ ಮಾಡಿದವನು ನಾನು. ಹಾಗಾಗಿ ಹಣ ಕಟ್ಟುವ ಮೊದಲೇ ವಿಚಾರಿಸಿದ್ದೆ. ‘ಅಗೆದು ತೆಗೆದಿದ್ದಾರೆ ಸಾರ್, ತಳಪಾಯ ಕಾಣುತ್ತದೆ’ ಎಂದಿರಿ. ಫ್ರೆಂಚರ ನೆರವಿಗೆಂದು ಹೈದರಾಲಿ 1760ರಲ್ಲಿ ಮಖ್ದೂಮ್ ಅಲಿಯ ಪಡೆಯನ್ನು ಕಳುಹಿಸಿದ್ದು ಈ ಊರಿಗೇ. ಅಲ್ಲಿಯ ಒಂದು ಇಟ್ಟಿಗೆಯನ್ನಾದರೂ ಮುಟ್ಟಿ ನೋಡುವ ಆಸೆಯಿತ್ತು.

ಬಸ್ಸು ಭಾರತಿ ಉದ್ಯಾನದ ಬಳಿ ನಿಂತಿತು. ನಿಮ್ಮ ಮಾರ್ಗದರ್ಶಿ ನಡುವಿನ ಬಿಳಿಯ ಆಯಿ ಮಂಟಪದತ್ತ ಕೊಡೆ ಚಾಚಿ, ‘ಇದೇ ಕೋಟೆಯ ಹೆಬ್ಬಾಗಿಲು, ಫೋಟೊ ತೆಗೆದುಕೊಳ್ಳಿ’ ಎಂದ. ಅದು ಮೂರನೆಯ ನೆಪೋಲಿಯನ್ ಕಾಲದ್ದಪ್ಪಾ, ಕೋಟೆ ಬಿದ್ದು ತೊಂಬತ್ತು ವರ್ಷ ಕಳೆದ ಮೇಲೆ ಅದಕ್ಕೆ ಬಾಗಿಲು ಯಾರು ಇಟ್ಟರು ಎಂದು ಮೆಲ್ಲಗೆ ಕೇಳಿದೆ. ಅವನು ಕೈಯಲ್ಲಿದ್ದ ಮೈಕನ್ನು ಬಾಯಿಯ ಹತ್ತಿರ ಹಿಡಿದು, ‘ಈ ಅಜ್ಜನಿಗೆ ಬಿಸಿಲು ತಾಗಿದೆ, ಯಾರಾದರೂ ನೀರು ಕೊಡಿ’ ಎಂದ. ಇಪ್ಪತ್ತಾರು ಜನ ನಕ್ಕರು. ಒಬ್ಬ ಹುಡುಗ ನಿಜವಾಗಿಯೂ ಬಾಟಲಿ ತಂದುಕೊಟ್ಟ. ಮುಚ್ಚಳ ಸಹ ತೆಗೆದೇ ಕೊಟ್ಟ. ನನ್ನ ಹೆಂಡತಿ ಸೆರಗು ಸರಿಪಡಿಸಿಕೊಳ್ಳುತ್ತ ಆ ಕಡೆ ತಿರುಗಿ ನಿಂತಳು. ಹನ್ನೆರಡು ನಿಮಿಷಕ್ಕೆ ಕೋಟೆ ಮುಗಿಯಿತು. ಉಳಿದ ಹೊತ್ತು ಚರ್ಮದ ಚೀಲಗಳ ಅಂಗಡಿಯಲ್ಲಿ.

ತಮಾಷೆಯೆಂದರೆ, ಹಳೆಯ ಕೋಟೆ ಇದ್ದದ್ದು ಹೆಚ್ಚುಕಡಿಮೆ ಆ ಉದ್ಯಾನದ ಜಾಗದಲ್ಲಿಯೇ. ಅವನು ಕಾಲ ಕೆಳಗಿನ ನೆಲವನ್ನು ತೋರಿಸಿದ್ದರೂ ನಾನು ಕೈಮುಗಿಯುತ್ತಿದ್ದೆ.

ತೋರಿಸದ ಸ್ಥಳದ ಹಣವನ್ನು ಹಿಂದಿರುಗಿಸಬೇಕೆಂಬುದು ನಿಮ್ಮದೇ ಒಂಬತ್ತನೆಯ ಷರತ್ತು. ಬರೆದವರಿಗೆ ಓದಿ ಹೇಳುವ ಉದ್ಧಟತನ ಮಾಡಲಾರೆ. ಹದಿನೈದು ದಿನ ಕಾಯುತ್ತೇನೆ. ಆಮೇಲೆ ಜಿಲ್ಲಾ ಗ್ರಾಹಕರ ಆಯೋಗವಿದೆ. ನಿವೃತ್ತನಾದ ನನಗೆ ಬಿಡುವೂ ಇದೆ. ಅಷ್ಟರೊಳಗೆ ನಿಮ್ಮ ಕರಪತ್ರವನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಅಂಕ ಕೊಟ್ಟು, ಆ ಇಪ್ಪತ್ತಾರು ಜನರಿಗೂ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸುತ್ತೇನೆ. ಗುಂಪು ಮಾಡಿಕೊಟ್ಟವರು ನೀವೇ.

ಇತಿ,
ಬಿಸಿಲು ತಾಗಿದ ಅಜ್ಜ