ಗಗನಚುಕ್ಕಿಯಲ್ಲಿ ಹೊರಹರಿವಿನ ಬೋರ್ಡ್ ಇರಲಿ

ಮಾನ್ಯರೇ,

ಮಳೆಗಾಲದಲ್ಲಿ ಗಗನಚುಕ್ಕಿ ನೋಡಲು ಬರುವವರಿಗೆ ನದಿಯ ನೀರು ಏರುವ ಸುಳಿವು ಜಲಪಾತದ ಬಳಿಯೇ ಸಿಗಬೇಕು. ಇಲ್ಲಿ ಧುಮ್ಮಿಕ್ಕುವುದು ಮಳವಳ್ಳಿಯ ಮಳೆಯಲ್ಲ. ಕೊಡಗು, ವಯನಾಡಿನಲ್ಲಿ ಸುರಿದ ನೀರು ಕೆಆರ್‌ಎಸ್, ಕಬಿನಿ ದಾಟಿ ಬರುತ್ತದೆ. ತಲೆ ಮೇಲೆ ಬಿಸಿಲಿದ್ದರೂ ಹೊಳೆ ಏರಬಹುದು. ಹೊರಗಿನಿಂದ ಬಂದವರಿಗೆ ಇದು ಹೇಗೆ ತಿಳಿಯಬೇಕು?

ಕಳೆದ ಭಾನುವಾರ ಮನೆಮಂದಿಯೆಲ್ಲ ಹೋಗಿದ್ದೆವು. ಮೊದಲು ಶಿವನಸಮುದ್ರದ ಮಧ್ಯರಂಗನ ದರ್ಶನ ಮಾಡಿ, ದೇವಸ್ಥಾನದಲ್ಲಿ ಅರ್ಧ ಗಂಟೆ ಸುಮ್ನೆ ಕೂತೆವು. ಮನಸ್ಸಿಗೆ ಎಷ್ಟು ಹಿತವೆನಿಸಿತು! ಆಮೇಲೆ ಜಲಪಾತಕ್ಕೆ ಬಂದರೆ, ಪಾಚಿ ಕಟ್ಟಿದ ಬಂಡೆಯ ಮೇಲೆ ಇಬ್ಬರು ಹುಡುಗರು ಚಪ್ಪಲಿ ಕೈಯಲ್ಲಿ ಹಿಡಿದು ಫೋಟೊಗೆ ನಿಂತಿದ್ದರು. ನಮ್ಮ ಎದೆ ಝಲ್ಲೆಂದಿತು. ಆ ಹುಡುಗರು ದಡ ಸೇರುವ ತನಕ ನನ್ನಮ್ಮ ರಂಗನಾಥಾ ಎನ್ನುತ್ತಲೇ ಇದ್ದರು.

ಅಣೆಕಟ್ಟೆಗಳ ಹೊರಹರಿವಿನ ಲೆಕ್ಕ ಮಳೆಗಾಲದಲ್ಲಿ ದಿನವೂ ಪತ್ರಿಕೆಗಳಲ್ಲಿ ಬರುತ್ತದೆ, ಅಲ್ವಾ? ಅದೇ ಕ್ಯುಸೆಕ್ ಅಂಕಿಯನ್ನು ಜಲಪಾತಕ್ಕೆ ಹೋಗುವ ದಾರಿಯಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದು ಹಾಕಲಿ. ನೀರು ಜಾಸ್ತಿ ಬಿಟ್ಟ ದಿನ ಬಂಡೆಗಳತ್ತ ಯಾರನ್ನೂ ಬಿಡದೆ, ಮೇಲಿನ ವೀಕ್ಷಣಾ ಸ್ಥಳದಿಂದಲೇ ನೋಡಲು ಹೇಳಲಿ. ನಿಜಕ್ಕೂ ಗಗನಚುಕ್ಕಿ ಚೆಂದ ಕಾಣುವುದು ಅಲ್ಲಿಂದಲೇ.

– ಒಬ್ಬ ಓದುಗ, ಮಂಡ್ಯ