ಥೀಟಾ ಜಾಸ್ತಿ ಆದ್ರೆ ನೆನಪು ಜಾಸ್ತಿ ಆಗುತ್ತಾ?

ಸಂಪಾದಕರಿಗೆ ನಮಸ್ಕಾರ,

ಹೋದ ವಾರದ ಆರೋಗ್ಯ ಪುರವಣಿಯಲ್ಲಿ ಮಿದುಳಿನ ಅಲೆಗಳ ಬಗ್ಗೆ ಬಂದ ಲೇಖನ ಓದಿದೆ, ವಿಷಯ ಒಳ್ಳೇದೇ, ಆದ್ರೆ ಥೀಟಾ ಅಲೆ ಹೆಚ್ಚಿದಷ್ಟೂ ನೆನಪಿನ ಶಕ್ತಿ ಹೆಚ್ಚುತ್ತೆ ಅಂತ ಒಂದೇ ಏಟಿಗೆ ಬರೆದುಬಿಟ್ಟಿದ್ದೀರಲ್ಲ, ಸುಮ್ನಿರಕ್ಕಾಗ್ಲಿಲ್ಲ. ಮಿದುಳಿನ ವಿದ್ಯುತ್ ಅಲೆ ಅಳೆಯೋ ಇಇಜಿ ಲ್ಯಾಬಲ್ಲಿ ಜನರ ತಲೆಗೆ ಜೆಲ್ ಹಚ್ಚಿ ಎಲೆಕ್ಟ್ರೋಡ್ ಅಂಟಿಸ್ತಾನೇ ವರ್ಷಗಟ್ಟಲೆ ಕಳೆದವನು ನಾನು.

ನೆನಪಿನ ಟೆಸ್ಟಲ್ಲಿ ಆಗೋದಿಷ್ಟು. ಸ್ಕ್ರೀನ್ ಮೇಲೆ ನಾಲ್ಕೈದು ಅಕ್ಷರ ಬಂದು ಹೋಗುತ್ತೆ, ಎರಡು ಮೂರು ಸೆಕೆಂಡ್ ಖಾಲಿ, ಆಮೇಲೆ ಒಂದು ಅಕ್ಷರ ತೋರಿಸಿ ಇದು ಮೊದಲು ಬಂದಿತ್ತಾ ಇಲ್ವಾ ಅಂತ ಕೇಳ್ತೀವಿ, ಅವರು ಬಟನ್ ಒತ್ತಬೇಕು. ನಮಗೆ ಬೇಕಾಗಿರೋದೇ ಆ ಖಾಲಿ ಸೆಕೆಂಡುಗಳು. ಆಗ ಮಿದುಳಿನ ಮುಂಭಾಗದಲ್ಲೂ ಹಿಂಭಾಗದಲ್ಲೂ ಸೆಕೆಂಡಿಗೆ 4ರಿಂದ 8 ಸಲ ಏರಿಳಿಯೋ ಥೀಟಾ ಇದ್ದೇ ಇರುತ್ತೆ, ಪ್ರಶ್ನೆ ಅದಲ್ಲ, ಇಲ್ಲಿ ಏರಿದಾಗ ಅಲ್ಲಿ ಪ್ರತಿ ಸಲವೂ ಅಷ್ಟೇ ಅಂತರ ಬಿಟ್ಟು ಏರುತ್ತಾ ಅನ್ನೋದು. ತಾಳ ಜೋರಾಗಿ ಹಾಕೋದೇ ಬೇರೆ, ತಾಳ ಕೂಡೋದೇ ಬೇರೆ.

ಕೂಡಿದಷ್ಟೂ ಒಳ್ಳೇದು ಅಂತಾನೂ ಅಲ್ಲ ಮತ್ತೆ. ಅತಿಯಾಗಿ ಒಟ್ಟಿಗೆ ಮಿಡಿದ್ರೆ ಅದೇ ಮೂರ್ಛೆ ರೋಗದ ಫಿಟ್ಸ್! ಆಪರೇಷನ್‌ಗೆ ಮುಂಚೆ ಮಿದುಳಿನ ಒಳಗೇ ಎಲೆಕ್ಟ್ರೋಡ್ ಇಟ್ಟಿದ್ದ ಮೂರ್ಛೆ ರೋಗಿಗಳ ಮೇಲೆ 2001ರಲ್ಲಿ ಬಂದ ಒಂದು ಅಧ್ಯಯನ ಇದೆ. ಅದರಲ್ಲಿ, ಮುಂದೆ ನೆನಪಲ್ಲಿ ಉಳಿದ ಪದಗಳನ್ನ ಮೊದಲು ಓದುವಾಗ, ನೆನಪು ಕೂಡಿಡೋಕೆ ಬೇಕಾದ ಹಿಪೊಕ್ಯಾಂಪಸ್ ಅನ್ನೋ ಭಾಗವೂ ಅದರ ಪಕ್ಕದ ರೈನಲ್ ಕಾರ್ಟೆಕ್ಸೂ ಥೀಟಾಗಿಂತ ತುಂಬಾ ವೇಗದ ಗಾಮಾ ಅಲೆಯಲ್ಲಿ ಚೂರು ಹೊತ್ತು ಕೂಡಿಕೊಂಡು, ಆಮೇಲೆ ಬಿಟ್ಟುಕೊಂಡ್ವು. ಬಿಡೋದೂ ಕೆಲಸದ ಭಾಗವೇ ಅನ್ಸುತ್ತೆ ನನಗೆ.

ಇನ್ನೊಂದು ತಲೆನೋವು ಅಳತೆಯದ್ದು. ಒಳಗೆ ಒಂದೇ ಜಾಗದಲ್ಲಿ ಹುಟ್ಟಿದ ಸಿಗ್ನಲ್ ತಲೆಬುರುಡೆ ಚರ್ಮದಲ್ಲೆಲ್ಲ ಹರಡಿ ಎರಡು ಎಲೆಕ್ಟ್ರೋಡಲ್ಲೂ ಒಂದೇ ಕ್ಷಣಕ್ಕೆ ಕಾಣಿಸುತ್ತೆ, ನೋಡಿದವರು ಆಹಾ ಎರಡು ಭಾಗಕ್ಕೂ ಕನೆಕ್ಷನ್ ಇದೆ ಅಂತಾರೆ, ಇರೋದು ಒಂದೇ ಮೂಲ. ಅದಕ್ಕೇ ಸ್ವಲ್ಪವೂ ಹಿಂದುಮುಂದಿಲ್ಲದ ಹೊಂದಾಣಿಕೆಯನ್ನ ಲೆಕ್ಕದಿಂದ ತೆಗೆಯೋ ವಿಧಾನಗಳಿವೆ, ಆದ್ರೆ ಅವುಗಳಲ್ಲಿ ನಿಜವಾದದ್ದೂ ಸ್ವಲ್ಪ ಕಳೆದುಹೋಗಬಹುದು, ಏನ್ ಮಾಡೋದು.

ನೀವು ಬರೆದ 2019ರ ಪ್ರಯೋಗ ನಡೆದದ್ದು ನಿಜ. 60 ದಾಟಿದವರ ತಲೆಗೆ ಅವರವರ ಥೀಟಾ ವೇಗಕ್ಕೆ ಹೊಂದಿಸಿ ಸಣ್ಣ ಕರೆಂಟ್ ಕೊಟ್ಟಾಗ ತಾತ್ಕಾಲಿಕ ನೆನಪು ಸುಧಾರಿಸಿತು. ಆದ್ರೆ ಕರೆಂಟ್ ನಿಲ್ಲಿಸಿದ ಮೇಲೆ ಪರೀಕ್ಷಿಸಿದ್ದು 50 ನಿಮಿಷದವರೆಗೆ ಮಾತ್ರ. ಅದನ್ನ ಹಿಡ್ಕೊಂಡು ಇಯರ್‌ಫೋನಲ್ಲಿ ಥೀಟಾ ಸೌಂಡ್ ಕೇಳಿ ಮಕ್ಕಳು ಪರೀಕ್ಷೆ ಬರೀಬಹುದು ಅನ್ನೋವರೆಗೆ ಎಳೆದದ್ದು ಸರಿಯಲ್ಲ, ಕರೆಂಟೇ ಬೇರೆ ಸೌಂಡೇ ಬೇರೆ.

ಕೊನೆಗೆ ಲೇಖನದ ಜೊತೆ ಹಾಕಿದ ಆ ಇಇಜಿ ಚಿತ್ರ. ಹಣೆ ಮೇಲಿನ ಎಲೆಕ್ಟ್ರೋಡಿನ ಗೆರೆಯಲ್ಲಿ ಎರಡು ದೊಡ್ಡ ಗುಡ್ಡ ತೋರಿಸಿ ಕೆಳಗೆ "ನೆನಪಿನ ಅಲೆ" ಅಂತ ಬರೆದಿದ್ದೀರಲ್ಲ, ಅದು ಆ ಮನುಷ್ಯ ಎರಡು ಸಲ ಕಣ್ಣು ಮಿಟುಕಿಸಿದ್ದು ಸ್ವಾಮಿ. ದಯವಿಟ್ಟು ಮುಂದಿನ ಪುರವಣಿಯಲ್ಲಿ ತಿದ್ದುಪಡಿ ಹಾಕಿ.

ಇಂತಿ,
ನಿಮ್ಮ ಓದುಗ