ಕಲಿಯದೆ ಬಿಟ್ಟ ಎಂಟನೇ ವರಸೆ

ಪ್ರಿಯ ಓದುಗರೇ,

ಬಗ್ಗಿದ ಮಂಡಿ, ತೂರಾಡುವ ಹೆಜ್ಜೆ, ಇಲ್ಲದ ಬಟ್ಟಲನ್ನು ಹಿಡಿದಂತೆ ಮಡಚಿದ ಬೆರಳು. ‘ಡ್ರಂಕನ್ ಮಾಸ್ಟರ್’ ನೋಡಿದ ಮೇಲೆ ನಾನೂ ನಮ್ಮಣ್ಣನೂ ತಿಂಗಳುಗಟ್ಟಲೆ ಮನೆಯೊಳಗೆ ಓಡಾಡಿದ್ದೇ ಹೀಗೆ. ಆಗ ನನಗೆ ಹತ್ತು ವರ್ಷ. ಕ್ಯಾಸೆಟ್ ಸವೆದು ಪರದೆ ಮೇಲೆ ಗೆರೆ ಓಡುವವರೆಗೂ ಅದೇ ಸಿನಿಮಾ ಹಾಕಿಕೊಂಡು ಕೂತಿರುತ್ತಿದ್ದೆವು. ಹೋದ ತಿಂಗಳು ಅದನ್ನೇ ಮಗಳ ಜೊತೆ ಮತ್ತೆ ನೋಡಿದೆ. ಅವಳಿಗೂ ಈಗ ಹತ್ತು.

ಇದು 1978ರ ಹಾಂಗ್‌ಕಾಂಗ್ ಸಿನಿಮಾ. ನಿರ್ದೇಶಕ ಯೂನ್ ವೂ-ಪಿಂಗ್, ನಾಯಕ ಜಾಕಿ ಚಾನ್. ಪಾತ್ರದ ಹೆಸರು ವಾಂಗ್ ಫೇ-ಹುಂಗ್. ಈ ವಾಂಗ್ ನಿಜವಾಗಿ ಬದುಕಿದ್ದ ಮನುಷ್ಯ. ಹತ್ತೊಂಬತ್ತನೇ ಶತಮಾನದಲ್ಲಿ ದಕ್ಷಿಣ ಚೀನಾದ ಫೋಶಾನ್ ಕಡೆ ಹುಟ್ಟಿದವನು, ವೈದ್ಯ, ಕುಂಗ್‌ಫು ಗುರು. 1949ರಿಂದ ಕ್ವಾನ್ ತಾಕ್-ಹಿಂಗ್ ಎಂಬ ನಟ ಹತ್ತಾರು ಸಿನಿಮಾಗಳಲ್ಲಿ ಈ ಪಾತ್ರ ಮಾಡಿದ್ದರು. ಜನರ ಮನಸ್ಸಲ್ಲಿ ವಾಂಗ್ ಅಂದರೆ ತೂಕದ ಮಾತಿನ, ಗಂಭೀರ ಹಿರಿಯ. ಅಂಥವನನ್ನು ಈ ಸಿನಿಮಾ ಓದಿಗೂ ಒಲ್ಲದ, ಅಪ್ಪನ ಮಾತಿಗೂ ಬಗ್ಗದ ಪುಂಡ ಹುಡುಗನನ್ನಾಗಿ ಮಾಡಿತು. ಸಿನಿಮಾ ಮಾಡಿದವರ ಧೈರ್ಯ ಎಷ್ಟಿತ್ತು ಅಂತ ನನಗೆ ಈಗ ಅರ್ಥವಾಗುತ್ತಿದೆ.

ಜಾಕಿಗೆ ಆಗ 24 ವರ್ಷ. 1973ರಲ್ಲಿ ಬ್ರೂಸ್ ಲೀ ತೀರಿಕೊಂಡ ಮೇಲೆ ಹಾಂಗ್‌ಕಾಂಗ್‌ನಲ್ಲಿ ಎಲ್ಲರೂ ಇನ್ನೊಬ್ಬ ಲೀಯನ್ನು ಹುಡುಕುತ್ತಿದ್ದರು. ಜಾಕಿಯನ್ನೂ ಅದೇ ಅಚ್ಚಿನಲ್ಲಿ ಎರಕ ಹೊಯ್ಯಲು ನೋಡಿದರು. ಆ ಸಿನಿಮಾಗಳು ಓಡಲಿಲ್ಲ. ಈ ಸಿನಿಮಾದಲ್ಲಿ ಅವನು ಪೂರ್ತಿ ಉಲ್ಟಾ. ಎದುರಾಳಿಗೆ ಗುದ್ದಿದ ಮೇಲೆ ತನ್ನ ಕೈಯನ್ನೇ ಒದರಿಕೊಳ್ಳುತ್ತಾನೆ, ಮುಖ ಕಿವಿಚುತ್ತಾನೆ. ಹೊಡೆದವನಿಗೂ ನೋವಾಗುತ್ತದೆ ಅನ್ನೋದು ಆ ಒಂದು ಒದರಾಟದಲ್ಲೇ ಗೊತ್ತಾಗುತ್ತದೆ. ಚಿಕ್ಕವರಿದ್ದಾಗ ಅದನ್ನು ನೋಡಿ ಬರೀ ನಗುತ್ತಿದ್ದೆವು.

ಈ ಸಲ ಎರಡು ಬಾರಿ ಹಿಂದಕ್ಕೆ ಹಾಕಿ ನೋಡಿದ್ದು ತರಬೇತಿಯ ಒಂದು ದೃಶ್ಯವನ್ನು. ಹುಡುಗ ತಲೆಕೆಳಗಾಗಿ ನೇತಾಡುತ್ತಿದ್ದಾನೆ. ಕೆಳಗೆ ನೀರು. ಕೈಯಲ್ಲಿ ಗುಟುಕು ಚಹಾ ಹಿಡಿಯುವಷ್ಟು ಪುಟ್ಟ ಬಟ್ಟಲುಗಳು. ನೀರು ಮೊಗೆದು, ಸೊಂಟದ ಬಲದಲ್ಲಿ ಮೈಯನ್ನು ಮೇಲೆತ್ತಿ, ಕಾಲಿನ ಹತ್ತಿರ ಕಟ್ಟಿದ ಬಕೆಟ್ಟಿಗೆ ಸುರಿಯಬೇಕು. ಮತ್ತೆ ಕೆಳಗೆ. ಮತ್ತೆ ಮೇಲೆ. ಹೊಟ್ಟೆಯ ಸ್ನಾಯು ಹಗ್ಗದ ಹಾಗೆ ಬಿಗಿಯುತ್ತದೆ. ಅಲ್ಲಿ ಮೋಸಕ್ಕೆ ಜಾಗವೇ ಇಲ್ಲ. ಕ್ಯಾಮೆರಾ ದೂರ ನಿಂತು ಇಡೀ ಮೈಯನ್ನು ತೋರಿಸುತ್ತದೆ. ಹೊಡೆದಾಟಗಳಲ್ಲೂ ಹಾಗೇ, ತಲೆಯಿಂದ ಪಾದದವರೆಗೆ ಇಬ್ಬರೂ ಕಾಣುತ್ತಾರೆ. ಹೆಜ್ಜೆ ಎಲ್ಲಿ ಬಿತ್ತು, ಏಟು ಎಲ್ಲಿ ತಪ್ಪಿತು, ಎಲ್ಲಾ ಗೊತ್ತಾಗುತ್ತದೆ. ಅದಕ್ಕೇ ನಗು ಬರೋದು.

ಆ ಮೈ ತಯಾರಾದ ಕಥೆ ಮಾತ್ರ ನಗುವಂಥದ್ದಲ್ಲ. ಜಾಕಿಯ ಅಪ್ಪ ಕೆಲಸ ಹುಡುಕಿಕೊಂಡು ಆಸ್ಟ್ರೇಲಿಯಾಕ್ಕೆ ಹೋದರು. ಕ್ಯಾನ್‌ಬೆರಾದ ಅಮೆರಿಕನ್ ರಾಯಭಾರ ಕಚೇರಿಯಲ್ಲಿ ಅಡುಗೆ ಕೆಲಸ. ಮಗ ಹಾಂಗ್‌ಕಾಂಗ್‌ನಲ್ಲೇ, ಯೂ ಜಿಮ್-ಯೂನ್ ಎಂಬ ಗುರು ನಡೆಸುತ್ತಿದ್ದ ಪೀಕಿಂಗ್ ಒಪೆರಾ, ಅಂದರೆ ಚೀನಾದ ಸಾಂಪ್ರದಾಯಿಕ ಸಂಗೀತ ನಾಟಕದ ಶಾಲೆಯಲ್ಲಿ ಉಳಿದ. ಸುಮಾರು ಹತ್ತು ವರ್ಷ. ಹಾಡು, ಅಭಿನಯ, ಲಾಗ, ಕೈಮೇಲೆ ನಿಲ್ಲೋದು, ತಪ್ಪಿದರೆ ಬೆತ್ತದ ಏಟು. ಮುಂದೆ ಹೊಡೆದಾಟದ ಸಿನಿಮಾಗಳಲ್ಲಿ ಹೆಸರಾದ ನಟರು ಸ್ಯಾಮೊ ಹಂಗ್, ಯೂನ್ ಬಿಯಾವೊ ಅಲ್ಲೇ ಕಲಿತವರು. ದೂರದ ದೇಶದಲ್ಲಿ ದುಡಿಯುವ ಅಪ್ಪ, ಊರಲ್ಲಿ ಉಳಿದ ಮಗ. ನಮ್ಮಲ್ಲಿ ಎಷ್ಟೋ ಜನಕ್ಕೆ ಈ ಸಂಕಟ ಹೊಸದಲ್ಲ. ಇದು ಗೊತ್ತಾದ ಮೇಲೆ ಆ ಹುಡುಗನ ಲಾಗಗಳನ್ನು ಸುಮ್ನೆ ಆಟ ಅಂತ ನೋಡಲು ನನ್ನಿಂದ ಆಗುತ್ತಿಲ್ಲ.

ಇನ್ನು ಹುಡುಗನಿಗೆ ಕುಡುಕನ ಹಾಗೆ ತೂರಾಡುತ್ತಾ ಹೊಡೆದಾಡೋದು ಕಲಿಸುವ ಆ ಕೆಂಪು ಮೂಗಿನ ಮುದುಕ ಗುರು! ಆ ಪಾತ್ರ ಮಾಡಿದವರು ಯೂನ್ ಸಿಯು-ತಿಯೆನ್, ನಿರ್ದೇಶಕರ ಸ್ವಂತ ತಂದೆ, ಅವರೂ ಒಪೆರಾದಿಂದ ಬಂದವರು. ಸಿನಿಮಾ ಬಂದ ಮರುವರ್ಷವೇ ತೀರಿಕೊಂಡರು. ಮಗ ಮುಂದೆ 1999ರ ಹಾಲಿವುಡ್ ಸಿನಿಮಾ ‘ದಿ ಮೇಟ್ರಿಕ್ಸ್’ಗೂ ಹೊಡೆದಾಟ ಹೆಣೆದುಕೊಟ್ಟರು.

ಒಂದು ಸಣ್ಣ ಸಂಗತಿ. ತುಟಿಗೂ ಮಾತಿಗೂ ತಾಳೆಯಾಗದ ಇಂಗ್ಲಿಷ್ ಡಬ್ಬಿಂಗ್ ನೆನಪಿದೆ ಅಲ್ವಾ? ಈ ಸಲ ಅಸಲಿ ಮಾತೇ ಕೇಳೋಣ ಅಂತ ಹಾಂಗ್‌ಕಾಂಗ್ ಜನರ ಭಾಷೆ ಕ್ಯಾಂಟನೀಸ್ ಹಾಕಿದೆ. ಅದೂ ಡಬ್ಬಿಂಗೇ. ಆಗ ಹಾಂಗ್‌ಕಾಂಗ್‌ನಲ್ಲಿ ಸಾಮಾನ್ಯವಾಗಿ ಧ್ವನಿ ಇಲ್ಲದೆ ಚಿತ್ರೀಕರಿಸಿ, ಮಾತನ್ನೂ ಏಟಿನ ಸದ್ದನ್ನೂ ಆಮೇಲೆ ಸ್ಟುಡಿಯೋದಲ್ಲಿ ಸೇರಿಸುತ್ತಿದ್ದರು.

ಈಗ ಮಗಳು ಕೇಳಿದ ಒಂದು ಪ್ರಶ್ನೆಗೆ ಬರುತ್ತೇನೆ. ಮುದುಕ ಗುರು ಕಲಿಸುವುದು ಎಂಟು ಜನ ಕುಡುಕ ಅಮರರ ವರಸೆ. ಚೀನಾದ ತಾವೋ ಧರ್ಮದ ಕಥೆಗಳಲ್ಲಿ ಬರುವ ಸಾವಿಲ್ಲದ ಎಂಟು ಜನ ಅವರು, ಒಬ್ಬೊಬ್ಬರದ್ದೂ ಒಂದೊಂದು ರೀತಿ. ಒಬ್ಬ ಕುಂಟ, ಒಬ್ಬ ಕೊಳಲು ಹಿಡಿದವನು. ಎಂಟನೆಯವಳು ಹೆಣ್ಣು, ಹೋ. ಇದು ಹೆಂಗಸರ ನಡಿಗೆ, ನನಗೆ ಬೇಡ ಅಂತ ಹುಡುಗ ಅದೊಂದನ್ನು ಅಭ್ಯಾಸ ಮಾಡದೆ ಬಿಡುತ್ತಾನೆ. ಕೊನೆಯ ಕಾಳಗದಲ್ಲಿ, ಅಪ್ಪನನ್ನು ಕೊಲ್ಲಲು ಬಂದ ಕಾಲ್ಚಳಕದವನ ಎದುರು, ಏಳೂ ವರಸೆ ಮುಗಿಯುತ್ತವೆ. ಉಳಿದಿರುವುದು ಅದೊಂದೇ. ಕಲಿತೇ ಇಲ್ಲ ಅಂತ ಗುರುವಿನ ಮುಂದೆ ಒಪ್ಪಿಕೊಳ್ಳುತ್ತಾನೆ. ನೀನೇ ಕಟ್ಟಿಕೋ ಅನ್ನುತ್ತಾನೆ ಗುರು. ಅಲ್ಲೇ, ಏಟು ತಿನ್ನುತ್ತಲೇ, ಹುಡುಗ ತನ್ನದೇ ಒಂದು ಹೋ ವರಸೆ ಕಟ್ಟುತ್ತಾನೆ.

ಚಿಕ್ಕವರಿದ್ದಾಗ ನಮಗೆ ಅತಿ ಇಷ್ಟವಾದ ಜಾಗ ಅದು. ಜಾಕಿ ಕನ್ನಡಿ ನೋಡಿಕೊಳ್ಳುವವಳ ಹಾಗೆ, ಬಳುಕುವವಳ ಹಾಗೆ ನಟಿಸುತ್ತಾ ಹೊಡೆಯುತ್ತಾನೆ. ಮಗಳೂ ನಕ್ಕಳು. ಆಮೇಲೆ ಕೇಳಿದಳು, “ಅವನಿಗೆ ಮೊದಲೇ ಗೊತ್ತಿರಬೇಕಿತ್ತು ಅಲ್ವಾ? ಶುರುವಲ್ಲೇ ಅತ್ತೆ ಹೊಡೆದಿದ್ರಲ್ಲ.”

ನನಗೆ ಆ ಅತ್ತೆ ಮರೆತೇ ಹೋಗಿದ್ದರು. ಸಿನಿಮಾದ ಆರಂಭದಲ್ಲಿ ಇವನು ಗೆಳೆಯರ ಮುಂದೆ ಪೋಸು ಕೊಡಲು ಒಂದು ಹುಡುಗಿಯನ್ನು ಕೆಣಕುತ್ತಾನೆ. ಅವಳ ತಾಯಿ ಬಂದು ಸರಿಯಾಗಿ ನಾಲ್ಕು ಬಿಗಿಯುತ್ತಾಳೆ. ಮನೆಗೆ ಹೋದರೆ ಅದೇ ತಾಯಿ, ಸ್ವಂತ ಅತ್ತೆ, ಅಪ್ಪನ ಎದುರು ಕೂತಿದ್ದಾಳೆ! ಅಂದರೆ ಹೆಣ್ಣಿನ ಕೈಲಿ ಸೋತ ಮೇಲೂ ಹೆಣ್ಣಿನ ವರಸೆ ಬೇಡ ಅಂದವನು ಇವನು. ಅಷ್ಟು ಸಲ ನೋಡಿದ್ದರೂ ಈ ಎರಡು ದೃಶ್ಯಗಳನ್ನು ನಾನು ಜೋಡಿಸಿರಲಿಲ್ಲ. ಅತ್ತೆಯ ಹೊಡೆತದಲ್ಲಿ ಬಳುಕೂ ಇಲ್ಲ, ಬಿಂಕವೂ ಇಲ್ಲ. ನೇರ, ಚುರುಕು. ಕೊನೆಯಲ್ಲಿ ಜಾಕಿ ಕಟ್ಟುವ ಹೆಣ್ಣಿನ ವರಸೆ ಒಬ್ಬ ಹುಡುಗ ಕಲ್ಪಿಸಿಕೊಂಡ ಹೆಣ್ಣಿನದ್ದು. ಅತ್ತೆಯದ್ದು ನಿಜವಾದ ಪಟ್ಟು. ಆ ಪಾತ್ರವನ್ನು ಸಿನಿಮಾ ಅಷ್ಟು ಬೇಗ ಕೈಬಿಡಬಾರದಿತ್ತು. ಜನರ ರೂಪವನ್ನು ಆಡಿಕೊಂಡು ಮಾಡುವ ತಮಾಷೆಗಳೂ ಈಗ ಹಿಡಿಸಲಿಲ್ಲ. ಮಗಳಿಗೆ ಅದನ್ನು ಹೇಳಿಯೇ ಮುಂದೆ ಹೋದೆ.

1994ರಲ್ಲಿ ಬಂದ ಎರಡನೇ ಭಾಗದಲ್ಲಿ ಈ ಕೊರತೆ ತುಂಬಿದೆ ಅಂತ ನನಗನ್ನಿಸುತ್ತದೆ. ಅದರಲ್ಲಿ ಅನಿತಾ ಮುಯಿ ಜಾಕಿಯ ಮಲತಾಯಿ. ನಿಜದಲ್ಲಿ ಜಾಕಿಗಿಂತ ಒಂಬತ್ತು ವರ್ಷ ಚಿಕ್ಕವರು. ಗಂಡನ ಮುಂದೆ ಅಳುಬುರುಕಿ, ಬೆನ್ನು ತಿರುಗಿಸಿದರೆ ಗಟ್ಟಿಗಿತ್ತಿ. ನಗಿಸುವುದರಲ್ಲಿ ಜಾಕಿಗೆ ಸರಿಸಾಟಿ. 2003ರಲ್ಲಿ, ನಲವತ್ತಕ್ಕೇ ತೀರಿಹೋದರು. ಮಗಳಿಗೆ ಈಗ ಅವರೇ ಅಚ್ಚುಮೆಚ್ಚು.

ಅಣ್ಣನಿಗೆ ಫೋನ್ ಮಾಡಿ ಅತ್ತೆಯ ವಿಷಯ ಹೇಳಿದೆ. “ಯಾವ ಅತ್ತೆ?” ಅಂದ. ಅವನೂ ಮರೆತಿದ್ದಾನೆ. ಮುಂದಿನ ಸಂಚಿಕೆಗೆ ನೀವೂ ಬರೆದು ಕಳಿಸಿ. ಚಿಕ್ಕಂದಿನಲ್ಲಿ ಬಾಯಿಪಾಠ ಆಗುವಷ್ಟು ನೋಡಿದ ಒಂದು ಸಿನಿಮಾ, ಅದರಲ್ಲಿ ಒಂದೇ ದೃಶ್ಯ ಸಾಕು. ಬರೆಯೋಕೆ ಮುಂಚೆ ಮಾತ್ರ ಒಂದ್ಸಲ ಮತ್ತೆ ಹಾಕಿ ನೋಡಿ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು.

ನಿಮ್ಮ ಸಂಪಾದಕ